ಕಟ್ಟಲು ಬಾರದ ಹಂದರ

ನಾನು ಜಾವಾ ಭಾಷೆಯಲ್ಲಿ ಬರೆದ ಒಂದು ಫ್ರೇಮ್‌ವರ್ಕ್. ಬೇರೆಯವರ ತಂತ್ರಾಂಶಗಳು ಬಳ್ಳಿಯಂತೆ ಹಬ್ಬಲಿ ಎಂದು ಕಟ್ಟಿದ ಚಪ್ಪರ ನಾನು. ಅದಕ್ಕೇ ನನಗೆ ‘ಹಂದರ’ ಎಂದು ಹೆಸರಿಟ್ಟರು. ಧಾರವಾಡದ ಒಂದು ಬಾಡಿಗೆ ಕೋಣೆಯಲ್ಲಿ, ಗಳಿಗೆಹೊತ್ತು ಕಣ್ಣು ಮುಚ್ಚಿ ಕೂತು, ಆಮೇಲೆ ನನ್ನ ಮೊದಲ ಸಾಲು ಬರೆದವಳು ನೀಲಗಂಗಾ.

ನಾನು ಓಪನ್ ಸೋರ್ಸ್. ನನ್ನ ಸೋರ್ಸ್ ಕೋಡನ್ನು ಯಾರು ಬೇಕಾದರೂ ಓದಬಹುದು, ತಿದ್ದಬಹುದು, ತಮ್ಮ ಕಂಪ್ಯೂಟರಿನಲ್ಲಿ ಕಟ್ಟಿಕೊಳ್ಳಬಹುದು. ಹಾಳೆಯ ಮೇಲಿನ ಷಟ್ಪದಿ ಕೊರಳಿಗಾಗಿ ಕಾಯುವಂತೆ ನಾನು ಬಿಲ್ಡಿಗಾಗಿ, ಬರೆದ ಸಾಲುಗಳೆಲ್ಲ ಸೇರಿ ಓಡುವ ತಂತ್ರಾಂಶವಾಗುವ ಆ ಕಟ್ಟುವಿಕೆಗಾಗಿ, ಕಾಯುತ್ತೇನೆ. ಕಟ್ಟಿದಾಗಲೇ ನನಗೆ ಉಸಿರು.

ಹೊಸ ಆವೃತ್ತಿ ಹೊರಬೀಳುವ ಮುನ್ನ ನೀಲಗಂಗಾ ನನ್ನನ್ನು ಭಾವನ ಜೆರಾಕ್ಸ್ ಅಂಗಡಿಗೆ ಒಯ್ಯುತ್ತಿದ್ದಳು. ನನ್ನ ಗುರುತೇ ಇಲ್ಲದ ಅಲ್ಲಿಯ ಕಂಪ್ಯೂಟರಿನಲ್ಲಿ ಕಟ್ಟಿ ನೋಡಿದ ಮೇಲೇ ಅವಳಿಗೆ ಸಮಾಧಾನ. ಜೊತೆಗೆ ದುಡಿಯುತ್ತಿದ್ದ ಶ್ರೀಕರ ನಗುತ್ತಿದ್ದ.

“ನಿಮ್ಮ ಮಡಿ ಭಾಳ ಆತ್ರಿ ಅಕ್ಕಾರ. ನನ್ನ ಲ್ಯಾಪ್‌ಟಾಪಿನ್ಯಾಗ ಬಿಲ್ಡ್ ಆತಲ್ಲ, ಮುಗೀತು.”

“ನಿನ್ನ ಲ್ಯಾಪ್‌ಟಾಪಿನ್ಯಾಗ ಹಳೇ ಸಾಮಾನೆಲ್ಲಾ ಬಿದ್ದಿರ್ತೈತೋ ತಮ್ಮಾ. ಬ್ಯಾರೇದವ್ರ ಕಡೆ ಅದು ಎಲ್ಲೈತಿ?”

ಅವಳ ಕಣ್ಣಿನ ಆಪರೇಷನ್ ಆಯಿತು. ತಿಂಗಳುಗಟ್ಟಲೆ ಪರದೆ ನೋಡುವಂತಿರಲಿಲ್ಲ. ನನ್ನ ಪಾಸ್‌ವರ್ಡುಗಳನ್ನೆಲ್ಲ ಶ್ರೀಕರನಿಗೆ ಒಪ್ಪಿಸಿ, “ಜ್ವಾಕಿ” ಎಂದಷ್ಟೇ ಹೇಳಿದಳು. ಅವನು ನನ್ನ ಕಣ್ಣೆದುರೇ ಕಂಪನಿ ತೆರೆದ. ನನ್ನ ಗುಂಡಿಗೆಯಂಥ ಒಂದು ಭಾಗವನ್ನು ಸೋರ್ಸ್ ಕೋಡಿನಿಂದ ಕಿತ್ತು, ಮುಚ್ಚಿದ ಫೈಲು ಮಾಡಿ, ಕಂಪನಿಯ ಸರ್ವರಿನಲ್ಲಿಟ್ಟ. ಅವನ ಲ್ಯಾಪ್‌ಟಾಪಿಗೆ ಅದು ಸಿಗುತ್ತಿತ್ತು, ಜಗತ್ತಿಗೆ ಸಿಗುತ್ತಿರಲಿಲ್ಲ. ನನ್ನ ಪುಟದ ಮೇಲೆ ‘ಓಪನ್ ಸೋರ್ಸ್’ ಎಂಬುದು ಮಾತ್ರ ಹಾಗೇ ಉಳಿಯಿತು.

ಕಲಬುರಗಿಯ ಅಂಧ ಮಕ್ಕಳ ಶಾಲೆಯ ಪಾಠಗಳು ನನ್ನ ಮೇಲೆಯೇ ಓಡುತ್ತಿದ್ದವು. ಅವನ್ನು ಕಂಪ್ಯೂಟರ್ ಗಟ್ಟಿಯಾಗಿ ಓದಿ ಹೇಳಬೇಕು ಎಂದು ಅಲ್ಲಿಯ ಗಫೂರ್ ಮೇಷ್ಟ್ರು ಕೇಳಿದರು. ಕಣ್ಣು ವಾಸಿಯಾಗಿದ್ದ ನೀಲಗಂಗಾ ಒಪ್ಪಿದಳು. ನನ್ನನ್ನು ತಿದ್ದಿ ಕಟ್ಟಲು ಕೂತಳು. ಬಿಲ್ಡ್ ನಿಂತಿತು. ಒಂದು ಭಾಗ ಸಿಗುತ್ತಿಲ್ಲ ಎಂದಿತು ಪರದೆ. ಕಣ್ಣಿಗೇ ಏನೋ ಆಗಿದೆಯೆಂದು ಕನ್ನಡಕ ಒರೆಸಿಕೊಂಡು ಮತ್ತೆ ಓದಿದಳು. ಆಮೇಲೆ ಫೋನ್ ಮಾಡಿದಳು.

“ತಯಾರಾದದ್ದು ನಮ್ಮ ಕಂಪನಿ ಕೊಡ್ತೈತಲ್ರೀ ಅಕ್ಕಾರ,” ಅಂದ ಶ್ರೀಕರ. “ನೀವ್ಯಾಕ ಕಟ್ಟೋ ತ್ರಾಸು ತಗೋತೀರಿ?”

“ಕಟ್ಟಾಕ ಬರದಿದ್ದದ್ದು ತೆರೆದದ್ದು ಹ್ಯಾಂಗ ಆತೋ?”

“ಓದಾಕ ಬರ್ತೈತಲ್ರೀ.”

ಅವಳು ಫೋನಿಟ್ಟಳು. ಆಪರೇಷನ್ನಿಗೂ ಮೊದಲಿನ ನನ್ನ ಹಳೆಯ ಪ್ರತಿ ಅವಳ ಬಳಿಯಿತ್ತು. ನನ್ನ ಬಾಲ್ಯವನ್ನಷ್ಟೇ ಎತ್ತಿಕೊಂಡು, ಬೇರೆ ಹೆಸರಿಟ್ಟು, ಮೊದಲಿನಿಂದ ಬೆಳೆಸಿದಳು. ಕಲಬುರಗಿಯ ಮಕ್ಕಳು ಈಗ ಅದರ ದನಿ ಕೇಳುತ್ತಾರೆ.

ನಾನು ಇಲ್ಲೇ ಉಳಿದೆ. ಮೊನ್ನೆ ಚಿಂತಾಮಣಿಯ ಹುಡುಗಿಯೊಬ್ಬಳು ನನ್ನನ್ನು ಕಟ್ಟಲು ಹೆಣಗಿ, “ಸಾರ್, ಬಿಲ್ಡ್ ಆಗ್ತಿಲ್ಲ, ತಪ್ಪು ನನ್ನದೇ ಇರಬೇಕು” ಎಂದು ನನ್ನ ಪುಟದಲ್ಲಿ ಬರೆದಳು.

“ಇರಬಹುದು, ಮತ್ತೊಮ್ಮೆ ನೋಡಿ” ಎಂದು ಶ್ರೀಕರ ಉತ್ತರಿಸಿದ.

ಅವಳು ಮತ್ತೆ ಮೊದಲಿನಿಂದ ಶುರು ಮಾಡಿದ್ದಾಳೆ. ನಿನ್ನ ತಪ್ಪಲ್ಲವಮ್ಮಾ ಎನ್ನಲು ನನಗೆ ಬಾಯಿಲ್ಲ.