ಕಾಂತಮ್ಮನವರ ಕಾಫಿ ಲೋಟ

ಆಸ್ಪತ್ರೆಯ ಜಗಲಿಯಲ್ಲಿ ಗೋಳಾಟ ಹೆಚ್ಚಿದಷ್ಟೂ ಸಿಸ್ಟರ್ ಕಾಂತಮ್ಮನವರ ನಡಿಗೆ ನಿಧಾನವಾಗುತ್ತಿತ್ತು. ಕೆಮ್ಮು ನೆಗಡಿಗಳ ಸಾಧಾರಣ ದಿನಗಳಲ್ಲಿ ಚಪ್ಪಲಿ ಪಟಪಟಗುಟ್ಟಿಸುತ್ತ ಓಡಾಡುವ ಆ ಸ್ಥೂಲಕಾಯದ ಹೆಂಗಸು, ನಾಲ್ಕು ದಿಕ್ಕಿನಿಂದ ನಾಲ್ಕು ಜನ ಏಕಕಾಲಕ್ಕೆ ಕೂಗಿದರೆಂದರೆ ಇದ್ದಲ್ಲೇ ನಿಂತು, ಬಿಳಿ ಸೀರೆಯ ಮೇಲೆ ಸದಾ ತೊಡುವ ಕಂದು ಉಣ್ಣೆಕೋಟಿನ ಗುಂಡಿಗಳನ್ನು ಕೆಳಗಿನಿಂದ ಮೇಲಕ್ಕೆ ಒಂದೊಂದಾಗಿ ಬಿಚ್ಚಿ, ಕೋಟನ್ನು ಮೊಳೆಗೆ ತೂಗುಹಾಕಿ, "ಮೊದ್ಲು ಒಂದ್ಲೋಟ ಕಾಫಿ ಕೊಡಿ" ಎನ್ನುತ್ತಿದ್ದರು. ಊರು ಬಿಟ್ಟುಹೋದ ಯಾವನೋ ಬಿಳಿ ದೊರೆಯ ಬಂಗಲೆಯ ಹರಾಜಿನಲ್ಲಿ ಬಂದ ಆ ಕೋಟಿನ ಐದು ಗುಂಡಿಗಳಲ್ಲಿ ಒಂದು ಮಾತ್ರ ಹಿತ್ತಾಳೆಯದು. ಕಾಫಿಯನ್ನು ನಿಂತೇ, ಕೊನೆಯ ಗುಟುಕಿನವರೆಗೆ ಕುಡಿಯುತ್ತಿದ್ದರು.

ಸ್ವಾತಂತ್ರ್ಯ ಬಂದಿದ್ದರೂ ಕೊಡಗು ಇನ್ನೂ ಮೈಸೂರಿಗೆ ಸೇರದೆ ತನ್ನದೇ ಪುಟ್ಟ ರಾಜ್ಯವಾಗಿದ್ದ ಕಾಲವದು. ನಾಪೋಕ್ಲಿನ ಆ ಎರಡು ಕೋಣೆಯ ಆಸ್ಪತ್ರೆಗೆ ಕಾಂಪೌಂಡರಾಗಿ ಬಂದ ಸಾಂತಪ್ಪನಿಗೆ ಈ ಕಾಫಿಯ ವ್ರತ ಮೊದಮೊದಲು ಶುದ್ಧ ಸೊಕ್ಕಾಗಿ ಕಂಡಿತ್ತು. ಅವನೋ, ರೋಗಿಯನ್ನು ಹೊತ್ತ ಕಂಬಳಿ ಗೇಟಿನಲ್ಲಿ ಕಂಡರೆ ಸಾಕು, ಕೈ ನಡುಗಿ ಔಷಧಿ ಚೆಲ್ಲುವ ಜೀವ. ಶನಿವಾರಸಂತೆ ಕಡೆಯ ಈ ಹೆಂಗಸಿಗೆ ನರಗಳೇ ಇಲ್ಲವೇನೋ ಎಂದು ಅವನು ಮನೆಯಲ್ಲಿ ಹೆಂಡತಿಯೊಡನೆ ಆಡಿಕೊಂಡಿದ್ದೂ ಉಂಟು.

ಆ ಆಷಾಢದಲ್ಲಿ ಕಾವೇರಿ ರಸ್ತೆಯ ಮೇಲೆ ಹರಿದು, ವಿರಾಜಪೇಟೆಗೆ ಹೋಗಿದ್ದ ಡಾಕ್ಟರು ಆಚೆಯೇ ಉಳಿದಿದ್ದರು. ಅಂಥ ಒಂದು ಮಧ್ಯಾಹ್ನ, ಚೊಚ್ಚಲ ಹೆರಿಗೆಗೆಂದು ಬಂದ ತಂಗಮ್ಮ ಮಾಡಿನ ಹೆಂಚು ಹಾರಿಹೋಗುವಂತೆ ಕಿರುಚುತ್ತಿದ್ದಳು. ಆಯಾ ಕಾಳಮ್ಮ ಅವಳ ಕೈ ಹಿಡಿದು ಕೂತಿದ್ದಳು. ತಂಗಮ್ಮನ ಮಾವ, ಪಟಾಳಂ ಬಿಟ್ಟು ಬಂದು ತೋಟ ಮಾಡಿಕೊಂಡಿದ್ದ ಸುಬೇದಾರರು, ಬೆತ್ತದಿಂದ ನೆಲ ಕುಟ್ಟುತ್ತಿದ್ದರು. ಅದೇ ಹೊತ್ತಿಗೆ ಎಸ್ಟೇಟಿನ ಕೂಲಿಮನೆಗಳ ಲೈನಿನಿಂದ ಚಿನ್ನ ಎಂಬ ಆಳು ತನ್ನ ಹೆಂಡತಿ ಮಾರಿಯನ್ನು ಕಂಬಳಿಯಲ್ಲಿ ಸುತ್ತಿ ಹೊತ್ತು ತಂದು ಜಗಲಿಯ ಕಂಬಕ್ಕೆ ಒರಗಿಸಿ, ದೊಡ್ಡವರ ಸರದಿ ಮುಗಿಯಲೆಂದು ಅಂಗಳದಲ್ಲೇ ನೆನೆಯುತ್ತ ನಿಂತ.

ಕಾಂತಮ್ಮ ಕೋಟು ಬಿಚ್ಚಿದರು. ಸಾಂತಪ್ಪ ಒಲೆಯ ಕಡೆ ಓಡಿದ.

"ಎಂಥ ಸಿಸ್ಟರ್, ಇದು ಕಾಫಿ ಕುಡಿಯೋ ಹೊತ್ತಾ? ನಾನು ಮಡಿಕೇರಿಗೆ ಬರೆದ್ರೆ ನಿಮ್ಮ ಕೆಲಸ ಉಂಟಾ?" ಎಂದು ಸುಬೇದಾರರು ಗುಡುಗಿದರು.

ಕಾಂತಮ್ಮ ಲೋಟದ ಅಂಚಿನ ಮೇಲಿಂದ ನೋಡುತ್ತಲೇ ಇದ್ದರು. ಕಿರುಚುವ ತಂಗಮ್ಮನನ್ನು, ಕುಟ್ಟುವ ಬೆತ್ತವನ್ನು, ಕಂಬದ ಬುಡದಲ್ಲಿದ್ದ ಎರಡು ಪಾದಗಳನ್ನು. ಕೊನೆಯ ಗುಟುಕು ಇಳಿಸಿ, ಲೋಟ ಕೆಳಗಿಟ್ಟು, ನೇರ ಮಾರಿಯ ಬಳಿ ಹೋಗಿ ಕಂಬಳಿ ಸರಿಸಿದರು. ಕಂಬಳಿಯ ಒಳಮೈ ರಕ್ತದಿಂದ ತೊಯ್ದಿತ್ತು. ಬೆಳಿಗ್ಗೆ ಲೈನಿನಲ್ಲಿ ಮಗು ಹುಟ್ಟಿ ನೆರೆಯವಳ ಕೈಯಲ್ಲಿತ್ತು, ಅದರ ಬೆನ್ನಿಗೇ ಬೀಳಬೇಕಾದ ಮಾಸು ಬಿದ್ದಿರಲಿಲ್ಲ.

"ಸಾಂತಪ್ಪ, ಇವಳನ್ನ ಒಳಗೆ ತನ್ನಿ. ಸುಬೇದಾರ್ರೇ, ನಿಮ್ಮ ಸೊಸೆಗಿನ್ನೂ ಮೂರು ಗಂಟೆ ಉಂಟು. ಕೂಗೋಕೆ ಶಕ್ತಿಯಿದೆ, ಭಯ ಇಲ್ಲ. ಕಾಲು ಕಡೆ ಹಿಡೀರಿ ನೀವೂ."

ವಿಚಿತ್ರವೆಂದರೆ ಸುಬೇದಾರರು ಬೆತ್ತ ಬಿಟ್ಟು ಹಿಡಿದರು. ಒಳಗೆ ಸಾಂತಪ್ಪ ಲಾಟೀನು ಎತ್ತಿಹಿಡಿದು ಕಂಡದ್ದನ್ನು ಮುಂದೆ ಎಷ್ಟೋ ವರ್ಷ ತಗ್ಗಿದ ದನಿಯಲ್ಲೇ ಹೇಳುತ್ತಿದ್ದ: ಮಾರಿಯ ಹೊಟ್ಟೆಯ ಮೇಲೆ ಕಾಂತಮ್ಮನವರ ಒಂದು ಕೈ, ಒಳಗೆ ಇನ್ನೊಂದು, ಹಣೆಯ ಮೇಲೆ ಒಂದು ಹನಿ ಬೆವರಿಲ್ಲ, ಕೈಯ ಒಂದು ಚಲನೆಯೂ ಎರಡನೆಯ ಸಲವಿಲ್ಲ. ಮಾಸು ಬಂತು, ಸೂಜಿಮದ್ದು ಬಿತ್ತು, ರಕ್ತ ನಿಂತಿತು. ಕೈಮುಗಿಯಬೇಕೆನಿಸಿತ್ತು ಅವನಿಗೆ, ಲಾಟೀನು ಅಡ್ಡಬಂತು.

ಸಂಜೆಗೆ ತಂಗಮ್ಮನಿಗೆ ಹೆಣ್ಣು ಮಗುವಾಯಿತು. ಮಾರಿ ಗಂಜಿ ಕೇಳಿದಳು. ನಿರಾಳವಾಗಿ ಸಾಂತಪ್ಪ ಒಲೆಯ ಬಳಿ ಪಾತ್ರೆಯಲ್ಲುಳಿದ ಕಾಫಿಯನ್ನು ಬಾಯಿಗಿಟ್ಟವನು ಥೂ ಎಂದು ಉಗಿದ. ಕಿಟಕಿಯಲ್ಲಿ ಯಾವಾಗಲೂ ಎರಡು ಡಬ್ಬಿಗಳು ಜೊತೆಗಿರುತ್ತಿದ್ದವು, ಒಂದರಲ್ಲಿ ಬೆಲ್ಲ, ಇನ್ನೊಂದರಲ್ಲಿ ರೋಗಿಗಳ ಕಾಲಿಗೆ ಹತ್ತಿದ ಜಿಗಣೆ ಬಿಡಿಸಲು ಉಪ್ಪು. ಗಾಬರಿಯಲ್ಲಿ ಅವನು ಹಾಕಿದ್ದು ಎರಡನೆಯದನ್ನು, ಅದೂ ಧಾರಾಳವಾಗಿ.

"ಅಮ್ಮಾ, ಯಾಕೆ ಹೇಳ್ಲಿಲ್ಲ?" ಎಂದು ಅವನು ಕೇಳಿದಾಗ ಕಾಂತಮ್ಮ ಕೋಟಿನ ಹಿತ್ತಾಳೆ ಗುಂಡಿ ಹಾಕಿಕೊಳ್ಳುತ್ತಿದ್ದರು.

"ಹೇಳಿದ್ರೆ ಇನ್ನೊಂದ್ಲೋಟ ಮಾಡೋಕೆ ಓಡ್ತಿದ್ರಿ. ಮಾರಿ ಹತ್ರ ಅಷ್ಟು ಹೊತ್ತಿರ್ಲಿಲ್ಲ. ನೋಡಿದ್ರಾ ಅವಳ ಕಾಲನ್ನ? ಆರೇಳು ಜಿಗಣೆ ಹತ್ತಿದ್ವು. ಈ ಊರೋರು ನಿದ್ದೆಗಣ್ಣಲ್ಲೂ ಜಿಗಣೆ ಕೀಳ್ತಾರೆ ಸಾಂತಪ್ಪ, ಅವಳು ಕೈ ಎತ್ಲಿಲ್ಲ." ಮುಂದಿನ ಗುಂಡಿಗೆ ಕೈಹಾಕಿ, "ಕಾಫಿ ರುಚಿಗಲ್ಲ ಮಾರಾಯ್ರೆ. ನಂಗೂ ಕೈ ನಡುಗ್ತದೆ. ಬಿಸಿ ಲೋಟ ಹಿಡ್ಕೊಂಡ್ರೆ ನಿಲ್ತದೆ" ಎಂದರು.

ಇಂಥವರನ್ನು ನಾವು ಗಟ್ಟಿ ಗುಂಡಿಗೆಯವರೆಂದು ಕರೆದು ಸುಮ್ಮನಾಗುತ್ತೇವೆ. ಅವರಿಗೂ ನಮ್ಮಷ್ಟೇ ಭಯವಿರುತ್ತದೆ. ಆ ಭಯಕ್ಕೆ ಒಂದು ಲೋಟದಷ್ಟು ಹೊತ್ತು ಕೊಟ್ಟು, ಅಷ್ಟರಲ್ಲಿ ದನಿಯಿಲ್ಲದವರು ಯಾರೆಂದು ಹುಡುಕಿಕೊಳ್ಳುತ್ತಾರೆ. ಲೋಕಕ್ಕೆ ಕಾಣುವುದು ಅವರು ನಿಂತು ಕಾಫಿ ಕುಡಿದದ್ದಷ್ಟೇ; ಅದರಲ್ಲಿದ್ದ ಉಪ್ಪನ್ನು ಅವರು ಯಾರಿಗೂ ಹೇಳದೆ ನುಂಗಿರುತ್ತಾರೆ.