ಹಿಂಬಾಗಿಲಿನ ಗೆಜ್ಜೆ

“ಇನ್ನೊಂದ್ಸಲ ಹಾಕಿ ಮೇಡಂ,” ಎಂದ ಟಾರ್ಚಿನವನು.

ಸೊಸೆ ಕಾರಿನ ಎಡಗಡೆಯ ಹಿಂಬಾಗಿಲನ್ನು ತೆರೆದು ಮತ್ತೆ ಹಾಕಿದಳು. ಬಾಗಿಲು ಧಡ್ಡನೆ ಕೂತಿತು. ಅದರ ಹಿಂದೆಯೇ ಒಳಗೆಲ್ಲಿಂದಲೋ ಕಿಣಿಕಿಣಿ ಎಂಬ ಸದ್ದು ಬಂದು ನಿಂತಿತು.

“ಅದೇ ನೋಡಿ. ಏನದು?”

“ಅದಾ? ಅದು ನಮ್ಮ ಗೆಜ್ಜೆ,” ಅಂದವಳೇ ನಾಲಿಗೆ ಕಚ್ಚಿಕೊಂಡಳು. ಆ ಸದ್ದಿಗೆ ಮನೆಯೊಳಗೆ ಇಟ್ಟುಕೊಂಡಿದ್ದ ಹೆಸರು ಬಂದರಿನಲ್ಲಿ ಬಾಯಿಗೆ ಬಂದುಬಿಟ್ಟಿತ್ತು. “ಅಂದ್ರೆ, ಹಳೇ ಕಾರಲ್ವಾ, ಎಲ್ಲೋ ಒಂದು ಬೋಲ್ಟು ಸಡಿಲ ಆಗಿರಬೇಕು.”

ಮಟಮಟ ಮಧ್ಯಾಹ್ನದಲ್ಲಿ ಟಾರ್ಚು ಹಿಡಿದು ಓಡಾಡುವ ಆಸಾಮಿಯನ್ನು ಅವಳು ನೋಡಿದ್ದು ಇದೇ ಮೊದಲು. ಸೈನ್ಯದವರ ಗಾಡಿಗಳನ್ನು ಹಡಗಿಗೆ ಹತ್ತಿಸುವ ಮೊದಲು ತಪಾಸಣೆ ಮಾಡುವುದು ಅವನ ಕೆಲಸ. ಬಾನೆಟ್ಟಿನ ಕೆಳಗೆ, ಸೀಟಿನ ಕೆಳಗೆ, ಸ್ಟೆಪ್ನಿ ಇಡುವ ಗುಂಡಿಯೊಳಗೆ, ಎಲ್ಲ ಕಡೆ ಬೆಳಕು ಬಿಟ್ಟು ಇಣುಕಿದ್ದ. ಚಕ್ರದಲ್ಲಿ ಮಣ್ಣಿಲ್ಲ, ಸರಿ. ಟ್ಯಾಂಕಿನಲ್ಲಿ ಪೆಟ್ರೋಲು ಕಾಲು ಭಾಗಕ್ಕಿಂತ ಹೆಚ್ಚಿಲ್ಲ, ಸರಿ. ಡಿಕ್ಕಿ ಖಾಲಿ, ಸರಿ. ಅಬ್ಬಾ, ಗೆದ್ದೆ ಅಂದುಕೊಳ್ಳುವಷ್ಟರಲ್ಲಿ ಈ ಗೆಜ್ಜೆ ಬಾಯಿ ಬಿಟ್ಟಿತ್ತು.

“ಗಾಡಿ ಒಳಗೆ ಸಡಿಲವಾಗಿ ಯಾವ ಸಾಮಾನೂ ಇರಬಾರ್ದು ಮೇಡಂ. ಏನು ಅಂತ ಗೊತ್ತಾಗದ ಸದ್ದನ್ನ ನಾನು ಹಡಗಿಗೆ ಹತ್ತಿಸೋಕಾಗಲ್ಲ. ನಾಳೆ ಏನಾದ್ರೂ ಆದ್ರೆ ನನ್ನ ತಲೆ ಹೋಗುತ್ತೆ.”

“ಹಾಗಾದ್ರೆ ಈ ಹಡಗಿಗೆ ಆಗಲ್ವಾ?”

“ಸದ್ದು ಏನು ಅಂತ ಗೊತ್ತಾದ್ರೆ ಆಗುತ್ತೆ. ಇಲ್ದಿದ್ರೆ ಮುಂದಿನ ಹಡಗು. ಅದು ಯಾವಾಗ ಅಂತ ನನ್ನನ್ನ ಕೇಳಬೇಡಿ.”

ಅವಳಿಗೆ ಅಳು ಬರುವುದೊಂದು ಬಾಕಿ. ಗಂಡನಿಗೆ ದ್ವೀಪದ ಮೇಲಿನ ಠಾಣ್ಯಕ್ಕೆ ವರ್ಗವಾಗಿ, ಅವನು ಆಗಲೇ ಅಲ್ಲಿಗೆ ಹೋಗಿ ಕೂತಿದ್ದ. ಮನೆಯ ಸಾಮಾನು ಕಟ್ಟುವುದು, ಸಾಗಿಸುವುದು, ಕಾರನ್ನು ಬಂದರಿಗೆ ಮುಟ್ಟಿಸುವುದು ಎಲ್ಲವೂ ಇವಳ ತಲೆಗೆ. ನಾಳೆ ಬೆಳಿಗ್ಗೆ ಕ್ವಾರ್ಟರ್ಸನ್ನು ಒಪ್ಪಿಸಿ, ಮಧ್ಯಾಹ್ನದ ವಿಮಾನಕ್ಕೆ ಅತ್ತೆಯನ್ನು ಕರೆದುಕೊಂಡು ಹೊರಡಬೇಕು. ಕಾರನ್ನು ಇಲ್ಲಿ ಯಾರ ತಲೆಗೆ ಕಟ್ಟಿಹೋಗುವುದು?

ಆದರೆ ನಿಜ ಹೇಳಬೇಕೆಂದರೆ ಬೆಳಗಿನಿಂದ ಅವಳನ್ನು ಕೊರೆಯುತ್ತಿದ್ದುದು ಕಾರಲ್ಲ, ಬೀಗದ ಕೈ. ಮುಂಬಾಗಿಲಿನ ಎರಡನೆಯ ಕೈ ಕಾಣೆಯಾಗಿತ್ತು. ಇದು ಇವತ್ತಿನ ಕಥೆಯಲ್ಲ. ಪ್ರತಿ ವರ್ಗಾವಣೆಯಲ್ಲೂ ಮನೆ ಒಪ್ಪಿಸುವ ಹೊತ್ತಿಗೆ ಸರಿಯಾಗಿ ಒಂದು ಕೈ ಮಾಯ. ಪ್ರತಿ ಸಲವೂ ಕ್ವಾರ್ಟರ್ಸಿನ ಗುಮಾಸ್ತ ಅವಳ ಮುಖ ನೋಡಿ, ತುಟಿ ಸೊಟ್ಟ ಮಾಡಿ, ಕೆಂಪು ಪೆನ್ನಿನಲ್ಲಿ ಬರೆದುಕೊಳ್ಳುವುದು. ಗಂಡನಿಗಂತೂ ಅದು ಹಬ್ಬದೂಟ. ನಾಲ್ಕು ಜನ ಸೇರಿದ ಕಡೆ “ಬೀಗದ ಕೈ ಕಳೆಯೋದ್ರಲ್ಲಿ ನಮ್ಮನೆಯವಳು ಎತ್ತಿದ ಕೈ” ಅನ್ನುವನು, ಎಲ್ಲರೂ ಹೋ ಎಂದು ನಗುವರು, ಇವಳೂ ನಕ್ಕಹಾಗೆ ಮಾಡುವಳು. ಒಳಗೆ ಮೈಯೆಲ್ಲ ಉರಿಯುತ್ತಿತ್ತು.

ಈ ಸಲ ಹಾಗಾಗಬಾರದು ಅಂತಲೇ ಎಲ್ಲ ಕೈಗಳನ್ನೂ ಕೆಂಪು ದಾರದಲ್ಲಿ ಪೋಣಿಸಿ ದಿಂಬಿನ ಕೆಳಗಿಟ್ಟು ಮಲಗಿದ್ದಳು. ಗುಮಾಸ್ತನ ಬಾಯಲ್ಲಿ ಒಂದೇ ಒಂದು ಸಲ “ಎಲ್ಲಾ ಸರಿ ಇದೆ” ಅನ್ನಿಸಬೇಕು ಎಂಬುದು ಅವಳ ಆಸೆ, ಅದೇ ಹಟ. ಎದ್ದು ನೋಡಿದರೆ ದಾರ ಇದೆ, ಗಂಟು ಇದೆ, ಕೈ ಮಾತ್ರ ಒಂದು ಕಡಿಮೆ. ಅವಳಿಗೆ ಭಯವಾಯಿತು. ಹಾಳಾದ ಮರೆವು ಅಂತ ನಗುವ ವಯಸ್ಸು ದಾಟುತ್ತಿದೆ, ತಲೆಯೇ ಕೆಡುತ್ತಿದೆಯೇನೋ ಅನ್ನಿಸಿತು.

“ಬಾಗಿಲು ಬಿಚ್ಚಿ ನೋಡ್ಲಾ?” ಎಂದು ಟಾರ್ಚಿನವನು ಕೇಳಿದ. ಅವನ ದನಿಯಲ್ಲಿ ಈಗ ಅಧಿಕಾರ ಕಡಿಮೆಯಾಗಿ ಕುತೂಹಲ ಹೆಚ್ಚಾಗಿತ್ತು. “ಒಳಗಿನ ಹಲಗೆ ಬಿಚ್ಚೋದು ದೊಡ್ಡ ಕೆಲಸ ಏನಲ್ಲ. ಹೋದ ಸಲ ಒಂದು ಗಾಡೀಲಿ ಹಲ್ಲಿನ ಸೆಟ್ಟು ಸಿಕ್ತು. ಕರ್ನಲ್ ಸಾಹೇಬ್ರದು.”

“ಬಿಚ್ಚಿ,” ಅಂದಳು.

“ಬೇಡ!”

ನೆರಳಿನಲ್ಲಿ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೈಚೀಲ ಅವುಚಿಕೊಂಡು ಕೂತಿದ್ದ ಅತ್ತೆ ಎದ್ದು ನಿಂತಿದ್ದರು. ಇವರನ್ನು ಕಾರಿನಿಂದ ಇಳಿಸುವುದಕ್ಕೇ ಸಾಕುಬೇಕಾಗಿತ್ತು. ಎಡಗಡೆಯ ಹಿಂದಿನ ಸೀಟು ಅವರದು. ಕಾರು ಕೊಂಡ ದಿನದಿಂದ ಬೇರೆ ಯಾರಿಗೂ ಬಿಟ್ಟುಕೊಟ್ಟವರಲ್ಲ. “ನಾನು ಇಲ್ಲೇ ಕೂತಿರ್ತೀನಿ, ನಿಮ್ಮ ಪಾಡಿಗೆ ನೀವು ನೋಡ್ಕೊಳ್ಳಿ” ಅಂದಿದ್ದಕ್ಕೆ ಟಾರ್ಚಿನವನು, “ಅಜ್ಜಿ, ನಿಮ್ಮನ್ನೂ ಸೇರಿಸಿ ಹಡಗಿಗೆ ಹಾಕೋ ಹಾಗಿಲ್ಲ” ಎಂದು ನಗಿಸಿ ಇಳಿಸಿದ್ದ.

“ಸುಮ್ನೆ ಅದನ್ನ ಯಾಕೆ ಕೆದಕ್ತೀಯಾ ಮಗಾ? ಓಡ್ತಾ ಇರೋ ಗಾಡಿ. ಗೆಜ್ಜೆ ಕಟ್ಕೊಂಡೇ ಇಷ್ಟು ವರ್ಷ ಓಡಿಲ್ವಾ?”

ಹಿಂದೆ ಎಷ್ಟೋ ಮೆಕ್ಯಾನಿಕ್‌ಗಳು ಬಾಗಿಲು ಬಿಚ್ಚುತ್ತೇನೆಂದಾಗಲೂ ಅತ್ತೆ ಹೀಗೇ ಅಡ್ಡ ಬಂದಿದ್ದರು. ಆಗೆಲ್ಲ ವಯಸ್ಸಾದವರ ಮಾತು ಯಾಕೆ ಮೀರುವುದು ಅಂತ ಬಿಟ್ಟಿದ್ದಾಯಿತು. ಕಾರು ರಸ್ತೆಯ ಮೇಲೆಯೇ ಊರಿಂದೂರಿಗೆ ಹೋಗುತ್ತಿದ್ದಾಗ ಸದ್ದು ಯಾರಿಗೂ ತೊಂದರೆಯಾಗಿರಲಿಲ್ಲ. ಇದು ಸಮುದ್ರ.

“ಬಿಚ್ಚಲೇಬೇಕು ಅತ್ತೆ. ಇಲ್ದಿದ್ರೆ ತಗೊಳ್ಳಲ್ವಂತೆ.”

ಅತ್ತೆ ಮತ್ತೆ ಕುರ್ಚಿಯಲ್ಲಿ ಕೂತರು. ದೂರದಲ್ಲಿ ಒಂದು ಕ್ರೇನು ಪೆಟ್ಟಿಗೆ ಎತ್ತುತ್ತಿತ್ತು. ಅದನ್ನು ತಾವೇ ಇಳಿಸಬೇಕೇನೋ ಅನ್ನುವಷ್ಟು ಗಮನವಿಟ್ಟು ನೋಡತೊಡಗಿದರು.

ಟಾರ್ಚಿನವನು ಸ್ಕ್ರೂಗಳನ್ನು ಒಂದೊಂದಾಗಿ ಬಿಚ್ಚಿ ಟೋಪಿಯೊಳಗೆ ಹಾಕಿಕೊಂಡ. “ನಾಣ್ಯ ಅಂತೀನಿ ನಾನು. ನೀವೇನಂತೀರಾ?” ಅಂದ. ಸೊಸೆಗೂ ಈಗ ತಡೆಯಲಾಗಲಿಲ್ಲ. ಬಂದ ಕೆಲಸ ಮರೆತು ಅವನ ಪಕ್ಕದಲ್ಲೇ ಕುಕ್ಕರಗಾಲಿನಲ್ಲಿ ಕೂತಳು. ಹಲಗೆ ಕಳಚಿಕೊಂಡು ಬಂತು. ಅವನು ಬಾಗಿಲಿನ ತಳದ ಸಂದಿಗೆ ಬೆಳಕು ಬಿಟ್ಟ, ಕೈ ತೂರಿಸಿದ, ಮುಖ ಸೊಟ್ಟಗೆ ಮಾಡಿಕೊಂಡು ತಡಕಿದ. ಏನೋ ಒಂದು ಹೊರಗೆ ಬಂತು.

ಬೀಗದ ಕೈ.

“ಹೋ!” ಎಂದ ಅವನು. ಮತ್ತೆ ಕೈ ಹಾಕಿದ. ಇನ್ನೊಂದು. ತುಕ್ಕು ಹಿಡಿದದ್ದು, ಹಲ್ಲು ಸವೆದದ್ದು, ಹಿತ್ತಾಳೆಯದು ಹೀಗೆ ಒಂದಾದ ಮೇಲೊಂದು ಬಂದವು. ಅವನು ಅವನ್ನೆಲ್ಲ ಬಾನೆಟ್ಟಿನ ಮೇಲೆ ಸಾಲಾಗಿ ಇಟ್ಟ. “ಇದೇನು ಮೇಡಂ, ಬೀಗದ ಅಂಗಡಿ ಇಟ್ಟಿದ್ರಾ?”

ಸೊಸೆ ಸಾಲಿನಿಂದ ಒಂದನ್ನು ಎತ್ತಿಕೊಂಡಳು. ಅದರ ತಲೆಯ ಮೇಲೆ ನೀಲಿ ಬಣ್ಣದ ಹನಿ ಒಣಗಿ ಅಂಟಿತ್ತು. ಆ ನೀಲಿ ಅವಳಿಗೆ ಗೊತ್ತು. ಯಾರ ಅಪ್ಪಣೆಯನ್ನೂ ಕೇಳದೆ ಕ್ವಾರ್ಟರ್ಸಿನ ಅಡುಗೆಮನೆಯ ಕಿಟಕಿಗೆ ತಾನೇ ಬಳಿದ ನೀಲಿ ಅದು. ಆ ಮನೆ ಬಿಡುವಾಗ ಈ ಕೈಗಾಗಿ ಹಾಸಿಗೆ ಕೊಡವಿದ್ದಳು, ಕಸದ ಬುಟ್ಟಿ ಸುರುವಿದ್ದಳು, ಕೊನೆಗೆ ಗಂಡನ ಮುಂದೆ ತಲೆ ತಗ್ಗಿಸಿ ನಿಂತಿದ್ದಳು. ಅವಳು ಬಾಗಿಲಿನ ಗಾಜನ್ನು ನೋಡಿದಳು. ಗಾಜಿನ ಬುಡದಲ್ಲಿ ರಬ್ಬರು ಸಡಿಲವಾಗಿ, ಒಂದು ಬೀಗದ ಕೈ ಜಾರುವಷ್ಟು ಸಂದಿ ಬಾಯಿ ತೆರೆದುಕೊಂಡಿತ್ತು. ಆ ಸಂದಿಯ ಪಕ್ಕದಲ್ಲಿ ಇಷ್ಟು ವರ್ಷ ಕೂತಿದ್ದವರು ಯಾರು?

“ಅತ್ತೆ!”

ಅತ್ತೆ ಕ್ರೇನಿನಿಂದ ಕಣ್ಣು ಕೀಳಲಿಲ್ಲ.

“ಅತ್ತೆ, ನಿಮ್ಮನ್ನೇ ಕೇಳ್ತಿರೋದು. ಇವು ಇಲ್ಲಿಗೆ ಹೇಗೆ ಬಂದ್ವು?”

“ನಾನೇ ಹಾಕಿದ್ದು.”

ಟಾರ್ಚಿನವನು ಟಾರ್ಚು ಆರಿಸಿದ. ದೂರ ಹೋಗುವುದು ಮರ್ಯಾದೆ ಅಂತ ಅವನಿಗೂ ಗೊತ್ತಿತ್ತು, ಆದರೆ ಕಾಲು ಏಳಬೇಕಲ್ಲ. ಸ್ಕ್ರೂ ಎಣಿಸುವವನ ಹಾಗೆ ಟೋಪಿಯೊಳಗೆ ಮುಖ ಹಾಕಿಕೊಂಡು ಅಲ್ಲೇ ನಿಂತ.

“ಯಾಕೆ?” ಸೊಸೆಯ ದನಿ ಏರಿತು. “ಎಲ್ಲರ ಮುಂದೆ ನಾನು ದಂಡಪಿಂಡ ಅನ್ನಿಸ್ಕೊಂಡೆ. ನಿಮ್ಮ ಮಗ ಆಡಿಕೊಂಡು ನಗುವಾಗ ನೀವೂ ಅಲ್ಲೇ ಕೂತಿರ್ತಿದ್ರಿ! ಇವತ್ತು ಬೆಳಿಗ್ಗೆ ನನಗೆ ತಲೆ ಕೆಟ್ಟಿದೆ ಅಂತಾನೇ ಅಂದ್ಕೊಂಡೆ ಅತ್ತೆ. ಹೆದರಿಕೊಂಡೆ ನಾನು.”

ಅತ್ತೆಯ ಮುಖ ಚಿಕ್ಕದಾಯಿತು. ಅವರು ಚೀಲದ ಹಿಡಿಯನ್ನು ಹೊಸೆಯುತ್ತ ಹೇಳಿದರು: “ಮದುವೆಯಾಗಿ ಮೊದಲನೇ ಮನೆ ಬಿಟ್ಟು ಹೊರಡುವಾಗ ನಮ್ಮಮ್ಮ ಒಂದು ಮಾತು ಹೇಳಿದ್ಲು. ನೋಡು, ಬಾಳಿದ ಮನೆಗೆ ಯಾವತ್ತೂ ಕೈ ಕೊಡಬೇಡ ಅಂತ.”

“ಅದಕ್ಕೆ?”

“ಅದಕ್ಕೆ ಕೊಡ್ಲಿಲ್ಲ.”

ಸೊಸೆಗೆ ಒಂದು ಕ್ಷಣ ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ಬೈಯಬೇಕೋ ನಗಬೇಕೋ ತಿಳಿಯಲಿಲ್ಲ. “ಅಯ್ಯೋ ಅತ್ತೆ! ಕೈ ಕೊಡಬೇಡ ಅಂದ್ರೆ ಮೋಸ ಮಾಡಬೇಡ ಅಂತ. ಬೀಗದ ಕೈ ಅಲ್ಲ!”

“ಗೊತ್ತು ಕಣೇ. ನಾನೇನು ಅಷ್ಟೂ ದಡ್ಡೀನಾ? ಆದ್ರೆ ಆವತ್ತು ಚಿಕ್ಕವಳು, ಹಾಗೇ ಅಂದ್ಕೊಂಡೆ. ಒಂದು ಕೈ ಮುಚ್ಚಿಟ್ಕೊಂಡೆ. ಆಮೇಲೆ ಅರ್ಥ ಗೊತ್ತಾಯ್ತು, ಆದ್ರೂ ಪ್ರತಿ ಮನೆ ಬಿಡುವಾಗ್ಲೂ ಒಂದನ್ನ ತೆಗೆದಿಟ್ಕೊಳ್ತಿದ್ದೆ. ಒಂದು ಕೈ ನಮ್ಮ ಹತ್ರ ಇದ್ರೆ, ಆ ಮನೆಯಿಂದ ನಮ್ಮನ್ನ ಪೂರ್ತಿ ಹೊರಗೆ ಹಾಕಿಲ್ಲ ಅಂತ ಒಂದು ಸಮಾಧಾನ.” ಅವರು ಕೈಚೀಲ ತೆರೆದು, ಕರವಸ್ತ್ರ ಬಿಡಿಸಿ, ಒಂದು ಹೊಸ ಕೈಯನ್ನು ಸೊಸೆಯ ಅಂಗೈ ಮೇಲಿಟ್ಟರು. “ತಗೋ, ಇವತ್ತಿಂದು. ದಾರೀಲಿ ಹಾಕೋಣ ಅಂದ್ರೆ ನೀನು ಕನ್ನಡೀಲಿ ನೋಡ್ತಾನೇ ಇದ್ದೆ.”

ಅದು ನಿಜ. ಅವಳು ಹೆದ್ದಾರಿಯಲ್ಲಿ ಕಾರು ಓಡಿಸಿದ್ದು ಇದೇ ಮೊದಲು. ಬಂದರಿನವರೆಗೂ ಜೀವ ಕೈಯಲ್ಲಿ ಹಿಡಿದುಕೊಂಡು ಕನ್ನಡಿ ನೋಡುತ್ತಲೇ ಬಂದಿದ್ದಳು. ಡ್ರೈವಿಂಗ್ ಕಲಿತದ್ದು ನಾಳೆ ಬಿಡಲಿರುವ ಕ್ವಾರ್ಟರ್ಸಿನ ಹಿಂದಿನ ಬೀದಿಯಲ್ಲಿ, ತಲೆಗೂದಲು ನರೆತ ಮೇಲೆ. ಪ್ರತಿ ಸಂಜೆ ಹಿಂದಿನ ಸೀಟಿನಲ್ಲಿ ಕೂತು, “ಬಿಡು, ಬಿಡು, ಕ್ಲಚ್ಚು ಬಿಡು” ಎಂದು ಏನೂ ಗೊತ್ತಿಲ್ಲದೆ ಹುರಿದುಂಬಿಸಿದವರು ಇದೇ ಅತ್ತೆ.

ಟಾರ್ಚಿನವನು ಕೆಮ್ಮಿದ. “ಅಜ್ಜಿ, ಇದು ಯಾವ ಮನೇದು?” ಎಂದು ತುಕ್ಕು ಹಿಡಿದ ಒಂದನ್ನು ಎತ್ತಿ ತೋರಿಸಿದ. ಇನ್ನು ತಡೆದುಕೊಳ್ಳುವುದು ಅವನಿಂದಾಗಿರಲಿಲ್ಲ.

“ಅದಾ? ರಾತ್ರಿಯೆಲ್ಲ ನಲ್ಲಿ ತೊಟ್ಟಿಕ್ತಿತ್ತಲ್ಲ, ಆ ಮನೇದು. ಈ ಹಿತ್ತಾಳೇದು ಮಹಡಿ ಮನೆ, ಇವಳಿಗೆ ಕಾಮಾಲೆ ಆಗಿತ್ತು ಆಗ. ಈ ಉದ್ದದ್ದು…” ಅತ್ತೆಗೆ ಒಂದೂ ಮರೆತಿರಲಿಲ್ಲ. ಸೊಸೆಗೆ ಅರ್ಧಕ್ಕರ್ಧ ಮನೆಗಳ ಗೋಡೆಯ ಬಣ್ಣವೂ ನೆನಪಿಗೆ ಬರಲಿಲ್ಲ. ಅವಳು ಕೋಪವನ್ನು ಬಿಡದೆ ಹಿಡಿದುಕೊಂಡೇ ಕೇಳುತ್ತ ನಿಂತಳು. ಕೇಳುತ್ತ ಕೇಳುತ್ತ ಆ ನಲ್ಲಿಯ ಕೆಳಗೆ ತಾನು ಇಡುತ್ತಿದ್ದ ಸೊಟ್ಟ ಪಾತ್ರೆ ನೆನಪಾಯಿತು.

ಅಷ್ಟರಲ್ಲಿ ಗಂಡನ ಫೋನು ಬಂತು. “ಏನಾಯ್ತು? ತಗೊಂಡ್ರಾ?”

“ತಗೋತಾರೆ. ಗೆಜ್ಜೆ ಸಿಕ್ತು.”

“ಏನದು?”

ಅವಳು ಬಾಯಿ ತೆರೆದಳು. ಇಷ್ಟು ವರ್ಷ ಕಾದ ಗಳಿಗೆ ಇದು, ನಾಲ್ಕು ಮಾತಾಡಿದರೆ ಸಾಕು. ಅಷ್ಟರೊಳಗೆ ಅತ್ತೆ ಫೋನನ್ನು ಕಸಿದುಕೊಂಡೇ ಬಿಟ್ಟರು.

“ನಾನು ಕಣೋ ಕಳ್ಳಿ! ಎಲ್ಲಾ ಬೀಗದ ಕೈ ನಾನೇ ಕದ್ದಿದ್ದು, ಬಾಗಿಲೊಳಗೆ ಹಾಕಿದ್ದು. ಇನ್ಮೇಲೆ ಅವಳನ್ನ ಎತ್ತಿದ ಕೈ ಗಿತ್ತಿದ ಕೈ ಅಂದ್ರೆ ನೋಡು ಮತ್ತೆ!”

ಫೋನಿನಲ್ಲಿ ಗಂಡ ಕೆಮ್ಮುವಷ್ಟು ನಕ್ಕದ್ದು ಕೇಳಿಸಿತು. ಸೊಸೆ ಫೋನು ತಿರುಗಿ ತೆಗೆದುಕೊಂಡಾಗ ಅವನು, “ಏನೇ, ಪಾಪ ನಿನ್ನನ್ನ ಸುಮ್ನೆ…” ಎಂದು ಶುರುಮಾಡಿ ಅಲ್ಲಿಗೇ ನಿಲ್ಲಿಸಿದ. ಅವನಿಗೆ ಅದಕ್ಕಿಂತ ಮುಂದೆ ಬರುತ್ತಿರಲಿಲ್ಲ. “ನಾಳೆಯಾದ್ರೂ ಎಲ್ಲಾ ಕೈ ಸರಿಯಾಗಿ ಒಪ್ಪಿಸು. ಈಗ ಕಳ್ಳಿ ಸಿಕ್ಕಿದಾಳಲ್ಲ.”

“ಒಪ್ಪಿಸ್ತೀನಿ,” ಅಂದಳು.

ಟಾರ್ಚಿನವನು ಹಲಗೆಯನ್ನು ಮತ್ತೆ ಕೂರಿಸಿ, ಬಾಗಿಲನ್ನು ತೆಗೆದು ಹಾಕಿ ಕಿವಿಗೊಟ್ಟ. ಧಡ್ ಎಂದಿತು, ಅಷ್ಟೇ. ಅವನು ಕಾರನ್ನು ಸಾಲಿನ ಕೊನೆಗೆ ಓಡಿಸಿಕೊಂಡು ಹೋದ. ಗೆಜ್ಜೆಯಿಲ್ಲದ ಕಾರು ಅವಳಿಗೆ ಬೇರೆ ಯಾರದೋ ಅನ್ನಿಸಿತು.

ಮಾರನೆಯ ಬೆಳಿಗ್ಗೆ ಗುಮಾಸ್ತ ಹೇಳಿದ ಹೊತ್ತಿಗೇ ಬಂದ. ಖಾಲಿ ಕೋಣೆಗಳನ್ನು ಸುತ್ತಿ, ಸ್ವಿಚ್ಚು ಒತ್ತಿ, ನಲ್ಲಿ ತಿರುಗಿಸಿ ನೋಡಿ, ಮುಂಬಾಗಿಲ ಹತ್ತಿರ ಬಂದು ಅಂಗೈ ಚಾಚಿದ. ಸೊಸೆ ಕೆಂಪು ದಾರವನ್ನು ಬಿಚ್ಚಿ ಒಂದೊಂದೇ ಕೈಯನ್ನು ಅವನಿಗೆ ಕೊಟ್ಟಳು. ಹಿತ್ತಿಲ ಬಾಗಿಲಿನವು. ಉಗ್ರಾಣದವು. ಮುಂಬಾಗಿಲಿನದು. ಅತ್ತೆ ಪೆಟ್ಟಿಗೆಯ ಮೇಲೆ ಕೂತು, ಎರಡೂ ಅಂಗೈಗಳನ್ನು ತೊಡೆಯ ಮೇಲೆ ಇಟ್ಟುಕೊಂಡು, ಮೇಷ್ಟ್ರ ಮುಂದಿನ ಮಗುವಿನ ಹಾಗೆ ನೋಡುತ್ತಿದ್ದರು.

“ಮುಂಬಾಗಿಲಿಂದು ಎರಡಿರಬೇಕಲ್ಲ?”

ಅದು ಅವಳ ಕೈಚೀಲದಲ್ಲಿತ್ತು, ಕಾರಿನ ಬಾಗಿಲೊಳಗೆ ಸಿಕ್ಕ ಕೈಗಳ ನಡುವೆ, ನೀಲಿ ಹನಿಯ ಕೈಯ ಪಕ್ಕದಲ್ಲೇ. ತೆಗೆದುಕೊಟ್ಟರೆ ಗುಮಾಸ್ತ “ಎಲ್ಲಾ ಸರಿ ಇದೆ” ಅನ್ನುತ್ತಿದ್ದ. ಅವಳು ಹಿಂತಿರುಗಿ, ತೆರೆದಿದ್ದ ಹಿತ್ತಿಲ ಬಾಗಿಲಿನಾಚೆ ನೋಡಿದಳು. ಹಿಂದಿನ ಬೀದಿಯ ತಿರುವಿನಲ್ಲಿ ಒಂದು ಕಂಬ ಇನ್ನೂ ಸ್ವಲ್ಪ ವಾಲಿಕೊಂಡಿತ್ತು. ಅದಕ್ಕೆ ಕಾರು ಗುದ್ದಿದ ಸಂಜೆ ಅತ್ತೆ ಸೊಸೆ ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರು.

“ಕಳೆದುಹೋಯ್ತು,” ಅಂದಳು.

ಗುಮಾಸ್ತ ತುಟಿ ಸೊಟ್ಟ ಮಾಡಿ ಕೆಂಪು ಪೆನ್ನು ತೆಗೆದ. ಅತ್ತೆ ಪೆಟ್ಟಿಗೆಯ ಮೇಲಿಂದ ಅರ್ಧ ಎದ್ದು ಸೊಸೆಯ ಕೈಚೀಲವನ್ನು ನೋಡಿದರು.

ಟ್ಯಾಕ್ಸಿ ಬಂತು. ಅತ್ತೆ ಹಿಂದಿನ ಸೀಟಿನ ಎಡಗಡೆಗೆ ಕೂತರು, ಸೊಸೆ ಅವರ ಪಕ್ಕಕ್ಕೆ. ಕ್ವಾರ್ಟರ್ಸಿನ ಗೇಟು ದಾಟುವಾಗ ಸೊಸೆ ತೊಡೆಯ ಮೇಲಿದ್ದ ಕೈಚೀಲವನ್ನು ಮೆಲ್ಲಗೆ ಅಲ್ಲಾಡಿಸಿದಳು. ಒಳಗೆ ಕಿಣಿಕಿಣಿ ಎಂದಿತು. ಅತ್ತೆ ತಿರುಗಿ ನೋಡಲಿಲ್ಲ. ಅವರು ಕಿಟಕಿಯ ಗಾಜಿನ ಬುಡದ ರಬ್ಬರನ್ನು ಹೆಬ್ಬೆರಳಿನಿಂದ ಒತ್ತಿ ಒತ್ತಿ ನೋಡುತ್ತಿದ್ದರು.