ಟ್ಯಾಂಕಿಗೂ ಅಂಗಡಿಗೂ ನಡುವೆ

ಇಲ್ಲ, ನದಿ ದಂಡೆಯಲ್ಲಿ ಕೂತು ಬರೆದ ಚಿತ್ರವಲ್ಲ ಇದು, ಕೆಳಗೆ ಕೂತವರಿಗೆ ಸೇತುವೆಯ ರಸ್ತೆ ಕಾಣುವುದಿಲ್ಲ, ಇಲ್ಲಿ ರಸ್ತೆಯೂ ಕಾಣುತ್ತಿದೆ, ಬಸ್ಸಿನ ನೆತ್ತಿಯೂ ಕಾಣುತ್ತಿದೆ, ಅಂದರೆ ಆಚೆ ದಡದ ಯಾವುದೋ ಮೂರನೇ ಮಹಡಿ, ದಿನವಿಡೀ ಸ್ಕೇಲು ಹಿಡಿದು ಕಟ್ಟಡಗಳ ನಕ್ಷೆ ಎಳೆಯುವ ನನಗೆ ಅಷ್ಟೂ ಗೊತ್ತಾಗುವುದಿಲ್ಲವೇ — ಹೆಂಡತಿ ಮಾತ್ರ ಒದ್ದೆ ಕೈ ಒರೆಸುತ್ತ, ದಂಡೇಲಿ ಕೂತು ಸುಮ್ನೆ ಗೀಚಿದ್ದು, ಹೇಗಿದೆ ಹೇಳಿ, ಎನ್ನುತ್ತಾಳೆ. ಚೆನ್ನಾಗಿದೆ, ಎಂದೆ. ಚೆನ್ನಾಗಿಯೇ ಇದೆ, ಅದಕ್ಕೇ ಅನುಮಾನ. ನೀರಿಗೆ ಎರಡು ಮೂರು ಗೆರೆ, ಉಳಿದದ್ದು ಬರೀ ಕಾಗದ, ಆದರೂ ಹರಿಯುತ್ತಿದೆ, ನಮ್ಮ ಬೀದಿಯ ಮನೆಗಳೆಲ್ಲ ಪೆನ್ಸಿಲ್ ಎತ್ತದೆ ಒಂದೇ ಉಸಿರಿಗೆ, ಒಂದರ ಛಾವಣಿ ಇನ್ನೊಂದರ ಗೋಡೆಯಾಗಿ ಇಳಿದು — ಇಷ್ಟು ಸಡಿಲ ಕೈ ಇವಳಿಗೆ ಎಲ್ಲಿತ್ತು, ಇಲ್ಲಿ ಈರುಳ್ಳಿ ಹೆಚ್ಚುವಾಗಲೂ ಹಲ್ಲು ಕಚ್ಚಿರುತ್ತಾಳೆ, ಮುಷ್ಟಿ ಬಿಗಿದೇ ನಿದ್ದೆ ಮಾಡುತ್ತಾಳೆ, ಯಾರ ಮನೆಯ ಕಿಟಕಿಯಲ್ಲಿ ಬಿಚ್ಚಿಕೊಂಡಿತು ಆ ಮುಷ್ಟಿ. ಕಾಗದದ ಕೆಳಅಂಚಿಗೆ ಅರ್ಧ ಗೆರೆ, ಕಿಟಕಿಯ ಕಟ್ಟೆಯೇ ಇರಬೇಕು, ಮೇಲೊಂದು ಲೋಟ, ಇನ್ನೊಂದಕ್ಕಾಗಿ ಹುಡುಕಿದೆ, ಬೆಳಕಿಗೆ ಹಿಡಿದು ನೋಡಿದೆ, ಅಳಿಸಿದ ಗುರುತೂ ಇಲ್ಲ, ಒಂದೇ ಲೋಟ, ಎರಡಿದ್ದಿದ್ದರೆ ಜಗಳವಾದರೂ ಆಡಬಹುದಿತ್ತು — ಅಷ್ಟರಲ್ಲಿ ಅಮ್ಮ ಕನ್ನಡಕ ಏರಿಸಿ ನನ್ನ ಹೆಗಲ ಮೇಲಿಂದ ಬಗ್ಗಿದಳು, ಇದು ನೀರಿನ ಟ್ಯಾಂಕು, ಇದು ಇಸ್ತ್ರಿ ಅಂಗಡಿ, ಮಧ್ಯ ನಮ್ಮನೆ ಎಲ್ಲಿ ಹೋಯ್ತೇ, ನನ್ನ ಕಾಟ ತಡೀಲಾರದೆ ಕಿತ್ತು ಬಿಸಾಕಿದ್ಯಾ. ಅಯ್ಯೋ, ಪೆನ್ಸಿಲ್ ಮೊಂಡಾಯ್ತು ಅತ್ತೆ. ಚೂಪು ಮಾಡ್ಕೊಂಡು ನನ್ನನ್ನಾದ್ರೂ ಬಾಗಿಲಲ್ಲಿ ನಿಲ್ಲಿಸೇ. ನಿಲ್ಲಿಸೋಣ ಬಿಡಿ, ಸೀರೆ ಯಾವುದು ಉಡ್ತೀರಿ. ಇಬ್ಬರೂ ನಕ್ಕರು, ನಾನೂ ನಕ್ಕೆ, ನಗುತ್ತಲೇ ನೋಡಿದೆ, ಮೊಂಡು ಪೆನ್ಸಿಲ್ಲಿಗೆ ಇಸ್ತ್ರಿ ಅಂಗಡಿಯ ಹಗ್ಗ ಕೂದಲಿನಷ್ಟು ತೆಳ್ಳಗೆ ಬಂದಿದೆ, ನೇತಾಡುವ ಅಂಗಿಯ ಕಾಲರ್ ಕೂಡ ಬಂದಿದೆ, ಟ್ಯಾಂಕಿನ ಏಣಿಯ ಮೆಟ್ಟಿಲುಗಳೂ ಬಂದಿವೆ, ನಡುವೆ ಮಾತ್ರ ಬಿಳಿ, ಉಜ್ಜಿದ ಬಿಳಿಯಲ್ಲ, ಪೆನ್ಸಿಲ್ ತಾಕದ ಬಿಳಿ, ಬೇರೆಲ್ಲೂ ತುಂಡಾಗದ ಗೆರೆ ಅಲ್ಲಿಗೆ ಬಂದು ನಿಂತು, ದಾಟಿ, ಮತ್ತೆ ಶುರುವಾಗಿದೆ. ಅವಳು ಚಪ್ಪಲಿ ಮೆಟ್ಟುತ್ತಿದ್ದಾಳೆ, ಹೋಗಿ ಬರ್ತೀನಿ ರೀ, ದಂಡೆಗಾ, ಹೂಂ ಮತ್ತೆ ಇನ್ನೆಲ್ಲಿಗೆ, ಬಾಗಿಲು, ಮೆಟ್ಟಿಲು, ಹೆಜ್ಜೆ ದಂಡೆಗಲ್ಲ, ಸೇತುವೆಯ ಕಡೆಗೇ ತಿರುಗಿತು, ಅಮ್ಮ ಒಳಗೆ ಯಾವ ಸೀರೆ ಎಂದು ಗುನುಗುತ್ತಿದ್ದಾಳೆ, ನಾನು ಕಾಗದ ಹಿಡಿದು ನಿಂತಿದ್ದೇನೆ, ನಿಂತಿರುವ ಜಾಗವೂ ಅದೇ, ಟ್ಯಾಂಕು, ಬಿಳಿ, ಅಂಗಡಿ, ಟ್ಯಾಂಕು, ಬಿಳಿ —

ಯಾವ ಕಿಟಕಿ ಎಂದು ನಾನು ಅವಳನ್ನು ಕೇಳಲೇ ಇಲ್ಲ.